ನೀರು ಹೊಡೆಯಬಾರದ ಗೋಡೆ

ಶಹಾಪುರ, ಹೊರಡುವ ಮೊದಲು

ನಾನು ಗೌಂಡಿ. ಮೂವತ್ತು ವರ್ಷದಿಂದ ಊರ ಮಂದಿಗೆ ಮನೆ ಕಟ್ಟಿಕೊಡುತ್ತಾ ಬಂದವನು. ನನ್ನ ಸ್ವಂತ ಕೈಯಿಂದ ಕಟ್ಟಿದ ನನ್ನ ಮನೆಯಲ್ಲಿ ನನ್ನ ಹೆಂಡತಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ನಾರ್ವೆಗೆ ಹೋದದ್ದು ಹಿಮ ನೋಡುವುದಕ್ಕಲ್ಲ.

ನೀಲಾ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಜೊತೆಯವರಿಬ್ಬರು ಕೆಲಸ ಬಿಟ್ಟ ಮೇಲೆ ರಾತ್ರಿ ಪಾಳಿ ಪೂರ್ತಿ ಅವಳ ಕೊರಳಿಗೆ ಬಿತ್ತು. ಬೆಳಿಗ್ಗೆ ಮನೆಗೆ ಬಂದು ಒಂಬತ್ತಕ್ಕೆ ಮಲಗಿದರೆ ಸಂಜೆ ನಾಲ್ಕಕ್ಕೆ ಏಳಬೇಕು. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಹಾಕಿದ ಸ್ಲ್ಯಾಬು ರೊಟ್ಟಿ ಹಂಚಿನ ಹಾಗೆ ಕಾದಿರುತ್ತಿತ್ತು. ಮನೆ ಹೆದ್ದಾರಿಗೆ ಮುಖ ಮಾಡಿದೆ. ಹತ್ತಿ ಹೇರಿದ ಲಾರಿ, ಭತ್ತದ ಲಾರಿ, ಸುರಪುರದ ಕಡೆಯ ಬಸ್ಸುಗಳು, ಎಲ್ಲವೂ ನಮ್ಮ ಕಿಟಕಿಯ ಮುಂದೆಯೇ ಹಾರ್ನು ಒತ್ತಬೇಕು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿತ್ತು. ಎರಡು ತಾಸು ನಿದ್ದೆಯಾದರೆ ಅದೇ ಹೆಚ್ಚು.

ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳು ಬಂದವಳೇ ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತಳು.

“ಒಬ್ಬಾಕಿಗೆ ಹಾಕೋ ಸೂಜಿ ಇನ್ನೊಬ್ಬಾಕಿಗೆ ಹಾಕಾಕ ಹೋಗಿದ್ದೆ. ಹೆಸರು ಕೇಳಿದ ಮ್ಯಾಲ ಎಚ್ಚರಾತು. ಕೇಳಿರಲಿಲ್ಲ ಅಂದ್ರ ಏನ್ ಗತಿ?”

ನಾನು ನೀರಿನ ತಂಬಿಗೆ ತಂದು ಅವಳ ಮುಂದೆ ಇಟ್ಟೆ.

“ಈ ಬ್ಯಾಸಗಿನೂ ಹಿಂಗ ಆದ್ರ ನಾ ನೌಕರಿ ಬಿಡ್ತೀನ್ರಿ. ಮಂದಿ ಜೀವದ ಜೋಡಿ ಆಟ ಆಡಾಕ ಆಗಂಗಿಲ್ಲ.”

ನೀಲಾಗೆ ಆ ಕೆಲಸವೆಂದರೆ ಪ್ರಾಣ. ಸಂತೆಯಲ್ಲಿ ಹೆಂಗಸರು ಅವಳನ್ನು ನಿಲ್ಲಿಸಿ ತಮ್ಮ ಮಕ್ಕಳನ್ನು ತೋರಿಸುತ್ತಾರೆ, ಇವ ನೀವ ಹೆರಿಗ್ಯಾಗ ಹಿಡದ ಕೂಸು ನೋಡ್ರಿ ಎನ್ನುತ್ತಾರೆ. ಅಂಥವಳು ಕೆಲಸ ಬಿಡಬೇಕಾಗಿ ಬಂದರೆ ಅದು ನನ್ನ ಸ್ಲ್ಯಾಬಿನಿಂದ. ಈ ಮಾತು ನನ್ನೊಳಗೆ ಮುಳ್ಳಿನ ಹಾಗೆ ಮುರಿದು ಕೂತಿತು.

ನಾನು ವಾರದಲ್ಲಿ ಮೂರು ದಿನ ಯಾದಗಿರಿಯ ಒಂದು ಕಟ್ಟಡ ತರಬೇತಿ ಕೇಂದ್ರದಲ್ಲಿ ಕಲಿಸುತ್ತೇನೆ. ಅದೇ ಹೊತ್ತಿಗೆ ನಾರ್ವೆಯ ಬಡಗಿಗಳ ಶಾಲೆಯೊಂದು ನಮ್ಮಲ್ಲಿಂದ ಇಬ್ಬರನ್ನು ಮೂರು ವಾರಕ್ಕೆ ಕರೆಯಿತು. ಮನೆಯನ್ನು ಬೆಚ್ಚಗಿಡುವ ಕೆಲಸ ಕಲಿಯುವುದು ವಿಷಯ. ಜೊತೆಗೆ ಬರಬೇಕಾಗಿದ್ದವರಿಗೆ ವೀಸಾ ಸಿಗಲಿಲ್ಲ, ನನಗೆ ಸಿಕ್ಕಿತು.

“ಅಲ್ಲಿ ಥಂಡಿ, ಇಲ್ಲಿ ಬಿಸಲು. ಥಂಡಿ ತಡಿಯೋದು ಕಲ್ತು ಬಂದು ಇಲ್ಲೇನ್ ಮಾಡ್ತೀರಿ?” ಎಂದಳು ನೀಲಾ.

“ಗೊತ್ತಿಲ್ಲ. ಆದ್ರ ಬರೇ ಕೈಲೆ ತಿರುಗಿ ಬರಂಗಿಲ್ಲ,” ಎಂದೆ.

ರೋರೋಸ್, ಮೊದಲ ದಿನಗಳು

ರೋರೋಸ್ ಎಂಬುದು ನಾರ್ವೆಯ ಗುಡ್ಡಗಾಡಿನ ಸಣ್ಣ ಊರು. ಎಲ್ಲ ಮರದ ಮನೆಗಳು. ನಾನು ಇಳಿದ ದಿನ ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇತ್ತು. ರೈಲು ನಿಲ್ದಾಣದಿಂದ ಮನೆಗೆ ಹೋಗುವಷ್ಟರಲ್ಲಿ ಮೀಸೆಯ ಮೇಲೆ ಬಿಳಿ ಕಟ್ಟಿತ್ತು. ಶಹಾಪುರದಲ್ಲಿ ಡಿಸೆಂಬರಿನ ಬೆಳಗಿನ ಜಾವ ಮಫ್ಲರ್ ಸುತ್ತಿಕೊಂಡು ಚಹಾದ ಅಂಗಡಿಗೆ ಹೋಗುವುದನ್ನೇ ಚಳಿ ಎಂದುಕೊಂಡಿದ್ದವನು ನಾನು.

ನನ್ನನ್ನು ಇಟ್ಟುಕೊಂಡದ್ದು ಓಲಾ ಎಂಬ ಬಡಗಿ. ಅರವತ್ತರ ಆಸುಪಾಸಿನ ಮನುಷ್ಯ, ಶಾಲೆಯಲ್ಲಿ ಮೇಷ್ಟ್ರು. ಮಲ್ಲಿಕಾರ್ಜುನ ಎಂಬ ನನ್ನ ಹೆಸರು ಆತನ ಬಾಯಲ್ಲಿ ಹೊರಳದೆ ಮೊದಲ ದಿನವೇ ಮಲ್ಲಿ ಆಯಿತು. ಇಬ್ಬರದೂ ಅರೆಬರೆ ಇಂಗ್ಲಿಷು, ಹಾಗಾಗಿ ಜಗಳವಾಡುವ ಅವಕಾಶ ಕಡಿಮೆ. ನಾನು ಮೂರು ಸ್ವೆಟರು, ಅದರ ಮೇಲೆ ಕೋಟು ಹಾಕಿಕೊಂಡು ಅವರ ಮನೆಯೊಳಗೆ ಕೂತೆ. ಹತ್ತು ನಿಮಿಷಕ್ಕೆ ಬೆವರು ಸುರಿಯಿತು. ಓಲಾ ತೆಳ್ಳನೆಯ ಅಂಗಿಯಲ್ಲಿ, ಕಾಲಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಆರಾಮಾಗಿ ಓಡಾಡುತ್ತಿದ್ದ. ಒಂದೊಂದಾಗಿ ಸ್ವೆಟರು ಬಿಚ್ಚಿ ಪಕ್ಕಕ್ಕಿಟ್ಟೆ. ಆತ ನೋಡಿಯೂ ನೋಡದ ಹಾಗೆ ಇದ್ದ.

ಮೌನವೂ ಮೊದಲ ದಿನವೇ ತಿಳಿಯಿತು. ತಿಂಡಿಯಾದ ಮೇಲೆ ಕಿಟಕಿಯ ಪಕ್ಕ ನಿಂತಿದ್ದೆ. ರಸ್ತೆಯಲ್ಲಿ ಹಿಮ ಬಳಿಯುವ ದೊಡ್ಡ ಯಂತ್ರ ಬಂತು. ನಮ್ಮ ರೋಡ್ ರೋಲರಿನಷ್ಟು ದೊಡ್ಡದು, ಮೇಲೆ ದೀಪ ತಿರುಗುತ್ತಿತ್ತು, ಕೆಳಗೆ ಹಿಮ ಸಿಡಿಯುತ್ತಿತ್ತು. ಸದ್ದು ಮಾತ್ರ ಒಳಗೆ ಬರಲಿಲ್ಲ. ನಾನು ಕಿವಿಯನ್ನು ಗಾಜಿಗೆ ಹಚ್ಚಿದೆ. ದೂರದಲ್ಲಿ ಯಾರೋ ಹಿಟ್ಟು ಬೀಸುತ್ತಿದ್ದಾರೆ ಎಂಬಷ್ಟು ಕೇಳಿಸಿತು, ಅಷ್ಟೇ. ತಕ್ಷಣ ನೀಲಾಗೆ ಫೋನ್ ಹಚ್ಚಿದೆ. ಊರಲ್ಲಿ ಆಗ ಹೊತ್ತು ಇಳಿದ ಮಧ್ಯಾಹ್ನ. ಅವಳು ನಿದ್ದೆಯಲ್ಲಿರಬೇಕಿತ್ತು, ಆದರೆ ಒಂದೇ ರಿಂಗಿಗೆ ಎತ್ತಿದಳು.

“ನಿದ್ದಿ ಹತ್ತವಲ್ದು. ಅದಕ ಎತ್ತೀನಿ,” ಎಂದಳು. ಅವಳ ಮಾತಿನ ಹಿಂದೆ ಲಾರಿಯ ಹಾರ್ನು ಕೇಳಿಸಿತು. ನಾರ್ವೆಯಲ್ಲಿ ನಾನು ಕೇಳಿದ ಅತಿ ದೊಡ್ಡ ಸದ್ದು ಅದೇ.

ಬೇಕರಿಯ ಮುಂದಿನ ಕೂಸು

ಎರಡನೆಯ ದಿನ ಓಲಾ ಬ್ರೆಡ್ ತರಲು ಬೇಕರಿಯೊಳಗೆ ಹೋದ. ಹೊರಗೆ, ಹಿಮದ ನಡುವೆ, ಗೋಡೆಗೆ ಒರಗಿಸಿ ಒಂದು ಮಗುವಿನ ಗಾಡಿ ನಿಲ್ಲಿಸಿದ್ದರು. ಬಗ್ಗಿ ನೋಡಿದರೆ ಒಳಗೆ ಕೂಸು! ಆರೇಳು ತಿಂಗಳಿನದು. ಸುತ್ತ ಯಾರೂ ಇಲ್ಲ. ಯಾರೋ ಪುಣ್ಯಾತ್ಮರು ಬಿಟ್ಟು ಹೋಗಿದ್ದಾರೆ ಎಂದುಕೊಂಡು ಗಾಡಿಗೆ ಅಡ್ಡವಾಗಿ ನಿಂತು, ನನ್ನ ಮಫ್ಲರ್ ತೆಗೆದು ಕೂಸಿನ ಮೇಲೆ ಹೊದಿಸಲು ಹೋದೆ. ಅಷ್ಟರಲ್ಲಿ ಒಬ್ಬ ತರುಣಿ ಕೈಯಲ್ಲಿ ಕಾಫಿ ಹಿಡಿದು ಓಡಿಬಂದಳು. ಅವಳ ಕಣ್ಣಿಗೆ ನಾನು ಮಕ್ಕಳ ಕಳ್ಳನಂತೆ ಕಂಡಿರಬೇಕು. ಹಿಂದೆಯೇ ಬಂದ ಓಲಾ ಅವರ ಭಾಷೆಯಲ್ಲಿ ಏನೋ ಹೇಳಿದ ಮೇಲೆ ಅವಳ ಮುಖ ಸಡಿಲವಾಯಿತು.

ಅಲ್ಲಿನವರು ಕೂಸುಗಳನ್ನು ಹಗಲು ಹೊರಗೇ ಮಲಗಿಸುತ್ತಾರಂತೆ. ತಾಯಿ ನನ್ನ ಕೈ ಹಿಡಿದು ಹೊದಿಕೆಯೊಳಗೆ ಇಡಿಸಿದಳು. ಕೆಳಗೆ ಕುರಿಯ ತುಪ್ಪಳದ ಚರ್ಮ, ಮೈಗೆ ಹತ್ತಿದಂತೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಉಣ್ಣೆ, ಎಲ್ಲದರ ಮೇಲೆ ಹಗುರವಾದ ಹಕ್ಕಿಗರಿಯ ಚೀಲ. ಒಳಗೆ ಕೋಳಿಯ ರೆಕ್ಕೆಯ ಕೆಳಗಿನಷ್ಟು ಬಿಸುಪು. ನಮ್ಮಲ್ಲಿ ಬಾಣಂತಿಯ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕಿಟಕಿ ಮುಚ್ಚುತ್ತಾರೆ. ಇವರು ಕೆಂಡವನ್ನೇ ಇಟ್ಟಿಲ್ಲ. ಕೂಸಿನ ಮೈಯ ಕಾವನ್ನು ಹೊರಗೆ ಹೋಗಗೊಟ್ಟಿಲ್ಲ, ಅಷ್ಟೇ.

ನಾನು ಮಫ್ಲರ್ ಸುತ್ತಿಕೊಂಡು ನಡೆದೆ. ಓಲಾ ದಾರಿಯುದ್ದಕ್ಕೂ ನಗುತ್ತಿದ್ದ.

ಇಂಗ್ರಿಡ್ ಅಜ್ಜಿಯ ಮನೆ

ನಾವು ಕೆಲಸ ಮಾಡಬೇಕಾದದ್ದು ಇಂಗ್ರಿಡ್ ಎಂಬ ಅಜ್ಜಿಯ ಮನೆಯಲ್ಲಿ. ತೊಲೆಯ ಮೇಲೆ ತೊಲೆ ಪೇರಿಸಿ ಕಟ್ಟಿದ ಹಳೆಯ ಮನೆ. ರಿಪೇರಿ ಮುಗಿಯುವ ತನಕ ಆಕೆ ತಂಗಿಯ ಮನೆಯಲ್ಲಿದ್ದಳು. ತೊಲೆಗಳ ಒಳಬದಿಗೆ ಮರದ ಚೌಕಟ್ಟು ಹೊಡೆದು, ಅದರೊಳಗೆ ಮರದ ನಾರಿನ ಗಾದಿಗಳನ್ನು ತುಂಬಿ, ಮೇಲೆ ನಾರಿನದೇ ಹಲಗೆ ಬಡಿದು, ಅದಕ್ಕೆ ಸುಣ್ಣದ ಗಿಲಾವು, ಅಂದರೆ ಗಾರೆಯ ಲೇಪ, ಮಾಡುವುದು. ಅವರು ಇನ್ಸುಲೇಷನ್ ಎನ್ನುವುದು ಆ ಗಾದಿಗಳಿಗೆ. ಗಿಲಾವಿನ ಕೆಲಸ ಬಂದಾಗ ಕರಣೆ ನನ್ನ ಕೈಗೆ ಕೊಟ್ಟರು. ಆ ಶುಕ್ರವಾರ ಇಡೀ ಗೋಡೆ ನಾನೇ ಎಳೆದೆ. ಓಲಾ ಅಂಗೈಯಿಂದ ಸವರಿ ನೋಡಿ, “ಚೆನ್ನಾಗಿದೆ,” ಎಂದ. ಆತನ ಬಾಯಿಂದ ಎರಡನೆಯ ಸಲ ಅಂಥ ಮಾತು ಬರಲು ಬಹಳ ದಿನ ಬೇಕಾಯಿತು.

ಅವರ ಊಟದ ರೀತಿಯೂ ಬೇರೆ. ಎಲ್ಲರ ಡಬ್ಬಿಯಲ್ಲೂ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸು. ಇಪ್ಪತ್ತು ನಿಮಿಷ, ಮಾತಿಲ್ಲ ಕತೆಯಿಲ್ಲ. ನಾನು ಊರಿಂದ ಒಯ್ದ ಕಟಕ್ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಓಲಾಗೆ ಕೊಟ್ಟೆ. ಆತ ಕಡಿದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿ ತಿಂದ.

ಶನಿವಾರ, ಭಾನುವಾರ

ಶನಿವಾರ ರಜೆ. ಅಲ್ಲಿ ರಜೆಯೆಂದರೆ ರಜೆ, ಮೊಳೆಯ ಸದ್ದೂ ಇಲ್ಲ. ಬೆಳಿಗ್ಗೆ ನೀಲಾ ಫೋನಿನಲ್ಲಿ ಕೆಲಸದ ಸುದ್ದಿ ಕೇಳಿದಳು. ಹೇಳಿದೆ.

“ನೀರ ಹೊಡದ್ರಿಲ್ಲೋ?” ಎಂದಳು.

ನೀಲಾ ಗೌಂಡಿಯ ಹೆಂಡತಿ. ನಮ್ಮ ಮನೆಯ ಸ್ಲ್ಯಾಬಿಗೆ ಇಪ್ಪತ್ತೊಂದು ದಿನ ಕೊಡ ಹೊತ್ತು ನೀರು ಹೊಡೆದವಳು ಅವಳೇ. ಗಿಲಾವು ಮಾಡಿ ನೀರು ಹೊಡೆಯದ ಗೌಂಡಿಯನ್ನು ಯಾದಗಿರಿ, ಶಹಾಪುರ, ಸುರಪುರ ಎಲ್ಲಿಯೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಮರೆತೇಬಿಟ್ಟಿದ್ದೆನಲ್ಲ! ಬೀಗದ ಕೈ ನನ್ನ ಹತ್ತಿರವೇ ಇತ್ತು. ಹಿಮದಲ್ಲಿ ಜಾರುತ್ತಾ ಹೋಗಿ ಬಾಗಿಲು ತೆಗೆದರೆ ಇನ್ನೊಂದು ಅನಾಹುತ ಕಂಡಿತು. ಗೋಡೆಯ ಮುಂದೆ ಯಾರೋ ಬಿಸಿಗಾಳಿಯ ಹೀಟರು ಇಟ್ಟು ಹೋಗಿದ್ದಾರೆ. ಹಸಿ ಗಿಲಾವಿಗೆ ಬಿಸಿಗಾಳಿ! ನಮ್ಮಲ್ಲಿ ಹಾಗೆ ಮಾಡಿದರೆ ಗೋಡೆ ಬಿರಿದು ಹೋಗುತ್ತದೆ. ಪಾಪ, ಮರದ ಕೆಲಸದವರು, ಇವರಿಗೆ ಗಿಲಾವು ಏನು ಗೊತ್ತು ಎಂದುಕೊಂಡು ಹೀಟರು ಆರಿಸಿದೆ. ಬಕೆಟ್ಟಿನಲ್ಲಿ ನೀರು ಹಿಡಿದು ಮೇಲಿನಿಂದ ಕೆಳಗೆ ಚೆನ್ನಾಗಿ ಹೊಡೆದೆ. ಗೋಡೆ ಗಟಗಟನೆ ಕುಡಿಯಿತು. ಇಷ್ಟು ಬಾಯಾರಿದ ಗೋಡೆಯನ್ನು ನಾನು ಹಿಂದೆ ಕಂಡಿರಲಿಲ್ಲ, ಅದಕ್ಕೇ ಇನ್ನೂ ಎರಡು ಬಕೆಟ್ ಹೊಡೆದೆ.

ಭಾನುವಾರವೂ ಹೋದೆ. ಆಗ ಗೋಡೆ ಸ್ವಲ್ಪ ಹೊಳೆಯುತ್ತಿತ್ತು. ಗಿಲಾವು ಗಟ್ಟಿಯಾಗುತ್ತಿದೆ ಎಂದು ಸಂತೋಷವಾಯಿತು. ಮತ್ತೆ ನೀರು ಹೊಡೆದೆ.

ಸೋಮವಾರ

ಸೋಮವಾರ ಬಾಗಿಲು ತೆಗೆದವನು ಓಲಾ. ನನ್ನ ಗೋಡೆಯ ಮೇಲೆ ಮಂಜುಗಡ್ಡೆ ಗಾಜಿನಂತೆ ಹರಡಿತ್ತು. ಅರ್ಧ ಗಿಲಾವು ಹಪ್ಪಳದ ಹಾಗೆ ಉಬ್ಬಿತ್ತು, ಇನ್ನರ್ಧ ನೆಲದ ಮೇಲೆ ಬಿದ್ದಿತ್ತು. ನಾರಿನ ಹಲಗೆಗಳು ನೀರು ಕುಡಿದು ಊದಿಕೊಂಡಿದ್ದವು. ಓಲಾ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ, ಸತ್ತವರ ಮನೆಗೆ ಬಂದವರ ಹಾಗೆ.

“ಯಾಕೆ?” ಎಂದ.

“ನಮ್ಮಲ್ಲಿ ನೀರು ಕುಡಿಸದಿದ್ದರೆ ಗೋಡೆ ಸಾಯುತ್ತದೆ,” ಎಂದೆ.

ಆತ ಬಿದ್ದ ಗಿಲಾವಿನ ಚೂರೊಂದನ್ನು ಎತ್ತಿ ನೋಡಿದ. “ಇಲ್ಲಿ ನೀರು ಒಳಗೆ ಹೋದರೇ ಗೋಡೆ ಸಾಯುತ್ತದೆ. ಹೆಪ್ಪುಗಟ್ಟದಿರಲಿ ಎಂದೇ ಹೀಟರು ಇಟ್ಟಿದ್ದೆ,” ಎಂದು, “ಮೊದಲು ಕಾಫಿ,” ಎಂದ. ಆ ಊರಲ್ಲಿ ಏನೇ ಆಗಲಿ ಮೊದಲು ಕಾಫಿ. ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಇಂಗ್ರಿಡ್ ಅಜ್ಜಿ ಬಂದು ನೋಡಿದಳು. “ಹಾಗಾದರೆ ಇನ್ನೂ ಎರಡು ವಾರ ನನ್ನ ತಂಗಿಯ ಜೊತೆ ಇರಬೇಕೇ? ಗೋಡೆಗಿಂತ ಅದೇ ಕಷ್ಟ,” ಎಂದಳು. ಬೈದಿದ್ದರೂ ನನಗೆ ಅವಳು ನಕ್ಕಷ್ಟು ಚುಚ್ಚುತ್ತಿರಲಿಲ್ಲ. ಕೊನೆಯ ವಾರ ನನ್ನನ್ನು ಸಮುದ್ರದ ಕಡೆ ತಿರುಗಾಡಿಸುವುದೆಂದು ಶಾಲೆಯವರು ಗೊತ್ತುಮಾಡಿದ್ದರು. ನಾನು ಒಲ್ಲೆ ಎಂದೆ. ಈ ಗೋಡೆ ಕೆಡಿಸಿದವನು ನಾನು, ನಿಲ್ಲಿಸಿಯೇ ಹೋಗುತ್ತೇನೆ ಎಂದೆ. ಓಲಾ ಇನ್ನೊಂದು ಸುತ್ತಿಗೆ ತಂದು ನನ್ನ ಪಕ್ಕ ನಿಂತ.

ಕಿತ್ತು ಕಟ್ಟಿದ ದಿನಗಳು

ನಿಜ ಹೇಳಬೇಕೆಂದರೆ ಗೋಡೆ ಕಟ್ಟುವಾಗ ನಾನು ಕಲಿತದ್ದು ಕಡಿಮೆ, ಕೀಳುವಾಗ ಕಲಿತದ್ದೇ ಹೆಚ್ಚು. ಒಳಗಿನ ಗಾದಿ ತೊಯ್ದು ಕಲ್ಲಿನಷ್ಟು ಭಾರವಾಗಿತ್ತು. ಓಲಾ ನನ್ನ ಒಂದು ಕೈಯಲ್ಲಿ ಒಣಗಿದ ತುಂಡು, ಇನ್ನೊಂದರಲ್ಲಿ ತೊಯ್ದ ತುಂಡು ಇಟ್ಟ. ತೊಯ್ದದ್ದು ಕೈಯನ್ನು ಕೊರೆಯಿತು, ಒಣಗಿದ್ದು ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ ಎಂಬಂತಿತ್ತು.

ಹೊಸ ಗಾದಿ ತುಂಬುವಾಗ ನಾನು ಗೌಂಡಿಯ ಬುದ್ಧಿಯಿಂದ ಗಟ್ಟಿಯಾಗಿ ಗುದ್ದಿ ಗುದ್ದಿ ತುಂಬಿದೆ. ಓಲಾ ಎಳೆದು ತೆಗೆದ. “ಒತ್ತಬೇಡ. ಇದರೊಳಗೆ ಕೆಲಸ ಮಾಡುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಕೊಂಡ ಗಾಳಿ. ಅದು ಅಲುಗಾಡದ ಹಾಗೆ ಇರಬೇಕು.”

ನಾನು ಹುಟ್ಟಿ ಬೆಳೆದ ಸುರಪುರದಲ್ಲಿ ನಮ್ಮ ಮನೆಯ ಅಂಗಳಕ್ಕೆ ಬರುತ್ತಿದ್ದ ಪಿಂಜಾರರು ನೆನಪಾದರು. ವರ್ಷಗಟ್ಟಲೆ ಮಲಗಿ ಚಪ್ಪಟೆಯಾದ ಗಾದಿಯನ್ನು ಬಿಚ್ಚಿ, ಬಿಲ್ಲಿನಿಂದ ಹತ್ತಿಯನ್ನು ಹಿಂಜಿ ಮೋಡದಷ್ಟು ಮಾಡುತ್ತಿದ್ದರು. ಹತ್ತಿ ಅದೇ, ತೂಕವೂ ಅದೇ, ಆದರೆ ಹಿಂಜಿದ ಗಾದಿ ಬೆಚ್ಚಗಿರುತ್ತಿತ್ತು. ಇಷ್ಟು ವರ್ಷ ಅದರ ಮೇಲೆ ಮಲಗಿದವನಿಗೆ ಇದು ಹೊಳೆದಿರಲಿಲ್ಲ.

ಗೋಡೆ ಮತ್ತೆ ಎದ್ದು ನಿಂತಾಗ ಓಲಾ ಮೇಣದ ಬತ್ತಿ ಹಚ್ಚಿ ಕಿಟಕಿಯ ಚೌಕಟ್ಟಿನ ಸುತ್ತ ಮೆಲ್ಲಗೆ ಒಯ್ದ. ಒಂದು ಕಡೆ ದೀಪ ಬಾಗಿತು. “ಇಲ್ಲಿಂದ ಗಾಳಿ ಬರುತ್ತದೆ. ಗಾಳಿ ಬರುವಲ್ಲೆಲ್ಲ ಸದ್ದೂ ಬರುತ್ತದೆ,” ಎಂದ. ಹಳೆಯ ಮನೆಗಳಲ್ಲಿ ಚಳಿಗಾಲಕ್ಕೆ ಎರಡನೆಯ ಕಿಟಕಿಯನ್ನು ಒಳಗಿನಿಂದ ಕೂರಿಸಿ, ಎರಡರ ನಡುವೆ ಕೆಳಗೆ ಹತ್ತಿ ಇಡುತ್ತಿದ್ದರಂತೆ. ಹತ್ತಿ ಬೆಳೆಯದ ದೇಶದಲ್ಲಿ ಕಿಟಕಿಗೆ ಹತ್ತಿ! ನಮ್ಮ ಶಹಾಪುರದಲ್ಲಿ ಹತ್ತಿ ಲಾರಿಯಿಂದ ಉದುರಿ ರಸ್ತೆಯ ಮುಳ್ಳುಕಂಟಿಗೆ ಸಿಕ್ಕಿಕೊಂಡು ಬಿದ್ದಿರುತ್ತದೆ.

ಆಗ ನೀಲಾ ಕೇಳಿದ ಪ್ರಶ್ನೆಯನ್ನೇ ಓಲಾಗೆ ಕೇಳಿದೆ. ಇದು ಚಳಿಗೆ ಸರಿ, ಬಿಸಿಲಿಗೆ?

“ಗೋಡೆಗೆ ಚಳಿಗಾಲ, ಬೇಸಿಗೆ ಗೊತ್ತಿಲ್ಲ. ಕಾವು ಯಾವ ಕಡೆಯಿಂದ ಬಂದರೂ ಅದು ತಡೆಯುತ್ತದೆ,” ಎಂದ.

ನಮ್ಮಲ್ಲಿ ಬರ್ಫದ ಗಾಡಿಯವರು ಮೇ ತಿಂಗಳ ಉರಿಯಲ್ಲಿ ಬರ್ಫವನ್ನು ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಗೋಣಿಚೀಲ ಸುತ್ತುತ್ತಾರೆ. ಸಂಜೆಯ ತನಕ ಅದು ಕರಗುವುದಿಲ್ಲ. ದಿನಾ ಕಂಡ ಸಂಗತಿ! ಅದನ್ನು ತಿಳಿಯಲು ನಾನು ವಿಮಾನ ಹತ್ತಿ ಇಷ್ಟು ದೂರ ಬರಬೇಕಾಯಿತು.

ಹೊರಡುವ ಮುಂಚಿನ ದಿನ ಓಲಾ ಊರಿನ ಮೇಲಿನ ಬೀದಿಗೆ ಕರೆದೊಯ್ದು ಬಡವರ ಹಳೆಯ ಗುಡಿಸಲುಗಳನ್ನು ತೋರಿಸಿದ. ಹಿಮ ಜಾರಿದ ಕಡೆ ಚಾವಣಿಯ ಮೇಲೆ ಒಣಹುಲ್ಲು ಕಾಣುತ್ತಿತ್ತು. ಮರದ ಹಲಗೆ, ಮೇಲೆ ಮರದ ತೊಗಟೆ, ಅದರ ಮೇಲೆ ಗೇಣು ದಪ್ಪದ ಮಣ್ಣು. ನಾನು ಹುಟ್ಟಿದ ಸುರಪುರದ ಮನೆಗೂ ಮಣ್ಣಿನದೇ ಚಾವಣಿ, ನಾವು ಮಾಳಿಗೆ ಎನ್ನುವುದು. ಮಳೆಗಾಲದಲ್ಲಿ ಅದರ ಮೇಲೂ ಹುಲ್ಲು ಬೆಳೆಯುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಅಲ್ಲಿ ನಾವು ಬರೀ ನೆಲದ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದೆವು. ಅಂಥ ಎಷ್ಟು ಮಾಳಿಗೆಗಳನ್ನು ನಾನೇ ಕೆಡವಿ ಸ್ಲ್ಯಾಬು ಹಾಕಿಕೊಟ್ಟಿದ್ದೇನೋ! ಮಂದಿ ಕೇಳಿದರು, ನಾನು ಹಾಕಿದೆ, ಬೆನ್ನು ತಟ್ಟಿಸಿಕೊಂಡೆ. ಆ ಬೀದಿಯಲ್ಲಿ ನಿಂತು ನನ್ನ ಮೇಲೆ ನನಗೇ ಸಿಟ್ಟು ಬಂತು.

ಇಂಗ್ರಿಡ್ ಅಜ್ಜಿಯ ಗೋಡೆಯ ಮೇಲೆ ಕೈ ಸವರಿ ಓಲಾ ಎರಡನೆಯ ಸಲ, “ಚೆನ್ನಾಗಿದೆ,” ಎಂದ.

ಶಹಾಪುರ

ಮಾರ್ಚಿನಲ್ಲಿ ವಾಪಸು ಬಂದೆ. ಬಂದ ವಾರವೇ ಶುರುಮಾಡಿದೆ. ಮರದ ನಾರಿನ ಗಾದಿ ಇಲ್ಲಿ ಸಿಗುವುದಿಲ್ಲ, ಆದರೆ ಅಲುಗದ ಗಾಳಿಗೆ ಬರವೇ? ರಾಮಸಮುದ್ರದ ಕಡೆಯ ಕುಂಬಾರರೊಬ್ಬರಿಗೆ ಸಣ್ಣ ಗಡಿಗೆಗಳನ್ನು ಹೇಳಿದೆ.

“ಇಷ್ಟೊಂದ್ ಗಡಗಿ ಯಾಕ್ರಿ? ಮನ್ಯಾಗ ಮದುವಿ ಐತೇನ್ರಿ?” ಎಂದರು ಅವರು.

“ಮದುವಿ ಅಲ್ರಿ, ನಿದ್ದಿ ಐತಿ,” ಎಂದೆ.

ಸ್ಲ್ಯಾಬು ತಾಳುವಷ್ಟು ತೂಕ ನೋಡಿಕೊಂಡು ಗಡಿಗೆಗಳನ್ನು ಅದರ ಮೇಲೆ ಬೋರಲು ಹಾಕಿ, ಒಳಗೆ ಗಾಳಿ ಸಿಕ್ಕಿಕೊಳ್ಳುವ ಹಾಗೆ, ಸಾಲಾಗಿ ಕೂರಿಸಿದೆ. ಸಂದಿಗೆ ಸುಣ್ಣದ ಗಾರೆ, ಮೇಲೆ ತೆಳುವಾದ ಹೆಂಚು. ನೀರನ್ನೂ ದಿನಾ ಹೊಡೆದೆ, ಯಾಕೆಂದರೆ ಇದು ನಮ್ಮೂರು, ನಮ್ಮ ಗಾರೆ. ಓಣಿಯ ಮಂದಿ ಕೆಳಗೆ ನಿಂತು, “ಮಲ್ಲಣ್ಣ ಫಾರೇನಿಗೆ ಹೋಗಿ ಬಂದು ಮಾಳಗಿ ಮ್ಯಾಲ ಗಡಗಿ ಇಡಾಕತ್ತಾನ ನೋಡ್ರಿ,” ಎಂದು ನಕ್ಕರು. ನಗಲಿ ಬಿಡಿ. ರಸ್ತೆಯ ಕಡೆಯ ಕಿಟಕಿಗೆ ಒಳಗಿನಿಂದ ಎರಡನೆಯ ಕಿಟಕಿ ಕೂರಿಸಿ, ನಡುವೆ ಗೇಣು ಜಾಗ ಬಿಟ್ಟು, ಅಂಚಿಗೆ ಹತ್ತಿ ತುಂಬಿದೆ. ಬಾಗಿಲಿನ ಸಂದಿಗೆ ಹಳೆಯ ಕಂಬಳಿಯ ಪಟ್ಟಿ ಬಡಿದೆ. ಉಸಿರಾಡಲು ಹಿತ್ತಲ ಕಡೆ ಮಾತ್ರ ಗವಾಕ್ಷಿ. ಊದಿನಕಡ್ಡಿ ಹಚ್ಚಿ ಎಲ್ಲ ಸಂದಿಯನ್ನೂ ನೋಡಿದೆ. ಹೊಗೆ ಬಾಗಿದಲ್ಲೆಲ್ಲ ಮತ್ತೆ ಮುಚ್ಚಿದೆ.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ನೀಲಾ ಡ್ಯೂಟಿ ಮುಗಿಸಿ ಬಂದು ಆ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. “ಇದು ಆಗಲಿಲ್ಲಂದ್ರ ನಾಳೆ ಹೋಗಿ ಹೇಳಿ ಬರ್ತೀನ್ರಿ, ನನಗ ಆಗಂಗಿಲ್ಲಂತ,” ಎಂದಿದ್ದಳು. ನಾನು ಹೊರಗೆ ಪಡಸಾಲೆಯಲ್ಲಿ ಕೂತೆ. ಹತ್ತಾಯಿತು, ಹನ್ನೊಂದಾಯಿತು. ಲಾರಿಗಳು ಒಂದರ ಹಿಂದೆ ಒಂದು ಹಾರ್ನು ಒತ್ತಿದವು. ಪ್ರತಿ ಹಾರ್ನಿಗೂ ನಾನು ಬಾಗಿಲ ಕಡೆ ನೋಡಿದೆ. ಮಧ್ಯಾಹ್ನ ಎರಡಕ್ಕೆ ಪಡಸಾಲೆಯ ನೆಲ ಕಾದು ಕೂರಲಾಗಲಿಲ್ಲ. ಬಾಗಿಲು ತೆರೆಯಲಿಲ್ಲ.

ನಾಲ್ಕಕ್ಕೆ ತಟ್ಟಿದೆ. ಉತ್ತರವಿಲ್ಲ. “ನೀಲಾ!” ಎಂದು ಕೂಗಿದೆ. ಜೋರಾಗಿ ಬಡಿದೆ. ಉತ್ತರವಿಲ್ಲ. ಗಾಳಿ ಸಾಲದೆ ಏನಾದರೂ ಆಯಿತೇ? ಹಿತ್ತಲಿಗೆ ಓಡಿ ಗವಾಕ್ಷಿಗೆ ಬಾಯಿ ಹಚ್ಚಿ ಕೂಗಬೇಕೆನ್ನುವಷ್ಟರಲ್ಲಿ ಒಳಗಿನಿಂದ ಗೊರಕೆ ಕೇಳಿಸಿತು. ನಾನು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

ಆಮೇಲೂ ಹೋಗಿ ಹೋಗಿ ಬಾಗಿಲು ಬಡಿದೆ. ಐದು ಹೊಡೆದ ಮೇಲೆ ಅವಳೇ ಬಾಗಿಲು ತೆಗೆದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಗಡಿಯಾರ ನೋಡಿ ಕೆರಳಿದಳು.

“ಯಾಕ ಎಬ್ಬಿಸಲಿಲ್ರಿ? ಬರೋಬ್ಬರಿ ನಾಲ್ಕಕ್ಕ ಎಬ್ಬಸ್ರಿ ಅಂದಿದ್ದಿಲ್ಲೇನ್ರಿ?”

“ಒಂದು ತಾಸಿನಿಂದ ಬಾಗಲಾ ಬಡಿಯಾಕತ್ತೀನಿ. ಕೂಗಿ ಕೂಗಿ ಗಂಟಲಾ ಬಿತ್ತು.”

ಅವಳು ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಂಬತ್ತರಿಂದ ಬೆರಳು ಮಡಚುತ್ತಾ ಎಣಿಸಿದಳು. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದಳು.

“ಎಂಟು ತಾಸು,” ಎಂದಳು, ಯಾರದೋ ವಿಷಯ ಹೇಳುವವಳಂತೆ. “ನಾ ಎಂಟು ತಾಸು ಮಕ್ಕೊಂಡಿದ್ನೇನ್ರಿ?”

ಸ್ನಾನ ಮುಗಿಸಿ, ಹಸಿ ಕೂದಲಲ್ಲೇ ಡ್ಯೂಟಿಗೆ ಹೊರಟಳು. ಕೆಲಸ ಬಿಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಗೇಟಿನ ಹತ್ತಿರ ಮಾತ್ರ ತಿರುಗಿ, “ನಾಳಿಗೆ ಚಿಲಕಾ ಹಾಕ್ಕೊಳ್ಳಂಗಿಲ್ಲ. ಒಳಗ ಬಂದು ಮೈ ಅಲುಗಿಸಿ ಎಬ್ಬಸ್ರಿ,” ಎಂದಳು.

ಮರುದಿನ ಅವಳು ಮಲಗಿದ ಮೇಲೆ ಒಳಗೆ ಹೋಗಿ ಆ ಚಿಲಕವನ್ನೇ ಕಿತ್ತೆ. ತುಕ್ಕು ಹಿಡಿದ ಸ್ಕ್ರೂ ಕಿರ್ರೆಂದು ಕೂಗಿಕೊಂಡೇ ಬಿಚ್ಚಿತು. ಹೊರಗೆ ಲಾರಿ ಹೋಗುತ್ತಿದ್ದಿರಬೇಕು, ನನಗೆ ಕೇಳಿಸಲಿಲ್ಲ. ನೀಲಾ ಮಗ್ಗುಲು ಕೂಡ ಬದಲಿಸಲಿಲ್ಲ.